ಬರೇ ಟೊಂಗಿ

ಬಾಗಲಕೋಟೆ ನವನಗರ, ಮುಂಗಾರಿಗೆ ಮುಂಚೆ. ಕರೆಂಟ್ ತಂತಿಗೆ ತಾಗುವ ಬೇವಿನ ಟೊಂಗೆಗಳನ್ನು ಕಡಿಯುತ್ತಿದ್ದಾರೆ. ಗಿಡದ ಮೇಲೊಬ್ಬ, ಕೆಳಗೆ ಹಗ್ಗ ಹಿಡಿದವನೊಬ್ಬ. "ಇದಕ್ಕ ಪರ್ಮಿಷನ್ ಬೇಕಲ್ರಿ?" ಅಂದೆ. "ಗಿಡಾ ಕಡ್ಯಾಕ ಬೇಕ್ರೀ ಸರ. ಇದು ಬರೇ ಟೊಂಗಿ."

ಕಾನೂನು ಹಾಗನ್ನುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಟೊಂಗೆ ಸವರುವುದು, ತಲೆ ಕತ್ತರಿಸುವುದು, ತೊಗಟೆಯನ್ನು ಸುತ್ತಲೂ ಸುಲಿಯುವುದು ಎಲ್ಲವೂ ಮರ ಕಡಿದಂತೆಯೇ. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರ ಆಕ್ಷೇಪಣೆ ಕೇಳಬೇಕು ಎನ್ನುವುದೂ ಅದೇ ಕಾಯ್ದೆ. ಹಾಗಾದರೆ ಒಂದು ಬೀದಿಯ 51 ಗಿಡಗಳ ಟೊಂಗೆ ಸವರುವಾಗ? ಅತ್ತ 2003ರ ವಿದ್ಯುತ್ ಕಾಯ್ದೆಯ 68ನೇ ಕಲಂ, ತಂತಿಗೆ ಅಡ್ಡ ಬಂದ ಮರವನ್ನು ಮ್ಯಾಜಿಸ್ಟ್ರೇಟರ ಆದೇಶದಿಂದ ತೆಗೆಸಬಹುದು ಅನ್ನುತ್ತದೆ. ಹಗ್ಗ ಹಿಡಿದವನಿಗೆ ಎರಡೂ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಸಂಜೆಯೊಳಗೆ ಈ ಓಣಿ ಮುಗಿಯಬೇಕು ಅನ್ನುವುದು.

ಹುನಗುಂದದಿಂದ ಇಳಕಲ್ ಕಡೆಗೆ. ರಸ್ತೆ ಪಕ್ಕ ಉರುಳಿಸಿದ ಗಿಡ. ದಿಮ್ಮಿಗೆ ಟೇಪು ಸುತ್ತಿ ಅಳೆಯುತ್ತಾರೆ: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು. ಸುತ್ತಳತೆ 120 ಸೆಂ.ಮೀ., ಉದ್ದ 3 ಮೀಟರ್ ಇದ್ದರೆ 0.27 ಘನಮೀಟರ್. ಟೊಂಗೆಗೆ ಈ ಲೆಕ್ಕವಿಲ್ಲ. ಅದು ಉರವಲು, ಟ್ರಾಲಿಗೆ ಹೇರಿದರೆ ಆಯಿತು. ಆದರೂ ಟೊಂಗೆ ಹೇಗೆ ಕಡಿದಿದ್ದಾರೆ ಎಂದು ಕೊಳ್ಳುವವನು ಬಗ್ಗಿ ನೋಡುತ್ತಾನೆ. ಗೂಟ ಉಳಿದಿರಬಾರದು, ಕಾಂಡದ ಮಟ್ಟಕ್ಕೆ ಸವರಿರಬೇಕು.

ನನಗೆ ತೊಡಕಾಗುವುದು ಇಲ್ಲಿಯೇ. ಬದುಕಬೇಕಾದ ಗಿಡದ ನಿಯಮ ಇದಕ್ಕೆ ತಿರುಗುಮುರುಗು. ಅಲ್ಲಿ ಕಾಂಡದ ಮಟ್ಟಕ್ಕೆ ಸವರಲೇಬಾರದು. ಟೊಂಗೆಯ ಬುಡದಲ್ಲಿ ಉಂಗುರದಂತಿರುವ ಉಬ್ಬನ್ನು ಬಿಟ್ಟು ಅದರಾಚೆ ಕೊಯ್ಯಬೇಕು, ಗಾಯ ಮುಚ್ಚಿಕೊಳ್ಳುವುದು ಆ ಉಬ್ಬಿನಿಂದ. ದಪ್ಪ ಟೊಂಗೆಯಾದರೆ ಮೊದಲು ಕೆಳಗಿನಿಂದ ಒಂದು ಕಚ್ಚು, ಆಮೇಲೆ ತುಸು ಮುಂದೆ ಮೇಲಿನಿಂದ ಗರಗಸ, ಕೊನೆಗೆ ಉಳಿದ ಗೂಟ. ಕೆಳಗಿನ ಕಚ್ಚು ಹಾಕದಿದ್ದರೆ ಟೊಂಗೆ ತನ್ನ ಭಾರಕ್ಕೇ ಮುರಿದು, ಕಾಂಡದ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಇಳಿಯುತ್ತದೆ. ನವನಗರದ ಆ ಸಾಲಿನಲ್ಲಿ ಇಂಥ ಸೀಳು ಕಂಡೆ. ಅಂಟು ಸುರಿದು ಗಟ್ಟಿಯಾಗಿತ್ತು. ದಿಮ್ಮಿ ಸವರಿ ರೂಢಿಯಾದ ಕೈಗೆ ಬೀದಿಯ ಗಿಡ ಕೊಟ್ಟರೆ ಅದೂ ದಿಮ್ಮಿಯೇ. ಗುತ್ತಿಗೆ ಕಾಗದದಲ್ಲಿ ಇದಕ್ಕೊಂದು ಸಾಲು ಸಾಕು: ಉಬ್ಬು ಉಳಿಸದ ಟೊಂಗೆಗೆ ಬಿಲ್ಲಿಲ್ಲ. ಗಿಡಕ್ಕಿಷ್ಟು ಅಂತ ದರ ಬರೆಯುವವರು ಇದನ್ನು ಬರೆಯಲು ಯಾಕೆ ಹಿಂಜರಿಯುತ್ತಾರೋ!

ಬಾದಾಮಿ, ಬನಶಂಕರಿ ಜಾತ್ರೆ. ನಾಟಕದ ಟೆಂಟುಗಳನ್ನು ದಾಟಿ ಬಾಗಿಲು, ಚೌಕಟ್ಟುಗಳ ಸಾಲಿಗೆ ಬಂದೆ. ಹೊಸ ಮನೆ ಕಟ್ಟಿಸುವ ರೈತರೊಬ್ಬರು ಚೌಕಟ್ಟಿನ ಮೇಲೆ ಬೆರಳಾಡಿಸಿ ಒಂದು ಕಡೆ ನಿಂತರು. ಗಂಟು. ಹಿಂದೊಮ್ಮೆ ಟೊಂಗೆ ಇದ್ದ ಜಾಗ. "ಇಲ್ಲಿ ಬಿರುಕು ಬಿಡತೈತಿ, ಕಡಿಮಿ ಮಾಡ್ರಿ" ಅಂದರು. ಬಡಿಗೇರರು ಒಪ್ಪಲಿಲ್ಲ. ಗಂಟು ಇಲ್ಲದ ಗಿಡ ಎಲ್ಲಿ ಐತಿ ತೋರಸ್ರಿ ಅಂತ ಅವರದೂ ಜೋರು.