ಮೂಗರ್ಜಿ

ಅಂಚೆಯವನು ತಂದ ಕಾಗದದ ಕೆಳಗೆ ಬರೆದವರ ಹೆಸರಿಲ್ಲದಿದ್ದರೆ ಹಿಂದಿನ ಕಾಲದ ಗೃಹಸ್ಥರ ಎದೆ ಒಮ್ಮೆ ನಡುಗುತ್ತಿತ್ತು. ಅಂತಹ ಕಾಗದಕ್ಕೆ ಕನ್ನಡಿಗರು ಇಟ್ಟ ಹೆಸರು ಮೂಗರ್ಜಿ. ಮೂಗನ ಅರ್ಜಿ ಎಂದು ಕರೆದರೂ ಅದು ಬಹಳ ಮಾತನಾಡುತ್ತಿತ್ತು. ತನ್ನ ಹೆಸರನ್ನು ಹೇಳುವಲ್ಲಿ ಮಾತ್ರ ಮೂಗಾಗುತ್ತಿತ್ತು. ನಿಶ್ಚಯವಾದ ಮದುವೆಯನ್ನು ಮುರಿಯಲು, ಉಪಾಧ್ಯಾಯರೊಬ್ಬರನ್ನು ವರ್ಗ ಮಾಡಿಸಲು, ದಾಯಾದಿಯ ಮೇಲೆ ಸೇಡು ತೀರಿಸಿಕೊಳ್ಳಲು ಅದು ಸುಲಭ ಸಾಧನ. ಬರೆಹದ ಗುರುತು ಸಿಕ್ಕಬಾರದೆಂದು ಎಡಗೈಯಲ್ಲಿ ಬರೆದವರುಂಟು. ಅಂಚೆಯ ಮುದ್ರೆಯಿಂದ ಊರು ತಿಳಿದೀತೆಂದು, ಸಂತೆಗೆ ಹೋದಾಗ ಬೇರೆ ಊರಿನ ಪೆಟ್ಟಿಗೆಗೆ ಹಾಕಿ ಬಂದವರುಂಟು. ಕೆಡುಕನ್ನು ಅಷ್ಟು ಶ್ರಮಪಟ್ಟು ಮಾಡುವವರ ಸಹನೆಯಾದರೂ ಮೆಚ್ಚತಕ್ಕದ್ದೇ!

1860ರ ಭಾರತ ದಂಡ ಸಂಹಿತೆಯನ್ನು ರಚಿಸಿದವರು ಈ ಪ್ರವೃತ್ತಿಯನ್ನು ಬಲ್ಲವರಾಗಿದ್ದರು. ಬೆದರಿಕೆ ಹಾಕುವುದು ಅಪರಾಧ. ಹೆಸರನ್ನೂ ನೆಲೆಯನ್ನೂ ಮರೆಮಾಡಿ ಬೆದರಿಸಿದರೆ ಆ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷಗಳವರೆಗೆ ಸೆರೆವಾಸ ಎಂದು ಅದರ 507ನೆಯ ಕಲಮು ವಿಧಿಸಿತು. ಮರೆಯಲ್ಲಿರುವುದೇ ತನಗೆ ರಕ್ಷಣೆಯೆಂದು ಬರೆದವನು ಭಾವಿಸಿದ್ದ. ಕಾನೂನು ಅದನ್ನೇ ಅಪರಾಧದ ಭಾರವನ್ನು ಹೆಚ್ಚಿಸುವ ಸಂಗತಿಯೆಂದು ಎಣಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಲ್ಲಿಯೂ ಈ ನಿಯಮ ಉಳಿದಿದೆ. ಕಾಗದದ ಕಾಲದಲ್ಲಿ ಹುಟ್ಟಿದ ಮಾತು ಮೊಬೈಲ್ ಫೋನಿನ ಕಾಲಕ್ಕೂ ಸಲ್ಲುತ್ತಿದೆ.

ಹಾಗೆಂದು ಮೂಗರ್ಜಿಗೂ ಇಂದಿನ ಸೈಬರ್ ಕಿರುಕುಳಕ್ಕೂ ಭೇದವಿಲ್ಲವೆಂದಲ್ಲ. ಕಾಗದವನ್ನು ಓದುತ್ತಿದ್ದವರು ಒಬ್ಬಿಬ್ಬರು. ಮನೆಯ ಹಿರಿಯರು ಅದನ್ನು ಒಲೆಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ತರಗತಿಯ ಗೆಳೆಯರ ಗುಂಪಿನಲ್ಲಿ ಸಹಪಾಠಿಯೊಬ್ಬಳ ತಿರುಚಿದ ಭಾವಚಿತ್ರವನ್ನು ಹುಡುಗನೊಬ್ಬ ಹಾಕಿದನೆನ್ನಿ. ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ ಅದು ಎಷ್ಟು ಕೈ ದಾಟಿತೋ ಕಳುಹಿಸಿದವನಿಗೇ ತಿಳಿಯದು. ಆ ಹುಡುಗಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೂ, ಆ ನಗೆ ಅವಳ ದಿಂಬಿನ ಪಕ್ಕದ ಯಂತ್ರದೊಳಗೇ ಕುಳಿತಿರುತ್ತದೆ. ಒಲೆಗೆ ಹಾಕುವ ಹಳೆಯ ಉಪಾಯವೂ ಇಲ್ಲಿ ಸಲ್ಲದು. ಬಂದ ಸಂದೇಶವನ್ನು ಅಳಿಸದೆ, ದಿನಾಂಕ ಸಮೇತ ಉಳಿಸಿಕೊಂಡು ಹಿರಿಯರಿಗೂ ಪೊಲೀಸರಿಗೂ ತೋರಿಸಬೇಕು, ಅದೇ ಸಾಕ್ಷ್ಯ.

ಚೆನ್ನೈನಲ್ಲಿ 2004ರಲ್ಲಿ ನಡೆದ ಮೊಕದ್ದಮೆಯೊಂದು ಇದಕ್ಕೆ ನಿದರ್ಶನ. ತನ್ನನ್ನು ಮದುವೆಯಾಗಲು ಒಪ್ಪದ ಮಹಿಳೆಯ ಮೇಲೆ ಮುನಿದ ಪರಿಚಿತನೊಬ್ಬನು ಆಕೆಯ ಹೆಸರಿನಲ್ಲಿಯೇ ಸುಳ್ಳು ಇ-ಮೇಲ್ ಖಾತೆಯನ್ನು ತೆರೆದು, ಅಂತರಜಾಲದಲ್ಲಿ ಹೀನ ಬರೆಹಗಳನ್ನು ಹರಡಿದನು. ಅವನ್ನು ನಂಬಿದ ಅಪರಿಚಿತರು ಆಕೆಗೆ ದೂರವಾಣಿ ಕರೆ ಮಾಡಿ ಪೀಡಿಸತೊಡಗಿದರು. ಫೆಬ್ರವರಿಯಲ್ಲಿ ಆಕೆ ದೂರು ಕೊಟ್ಟರು. ಪೊಲೀಸರು ಜಾಡು ಹಿಡಿದು ಆತನನ್ನು ಮುಂಬಯಿಯಲ್ಲಿ ಬಂಧಿಸಿದರು. ಸೈಬರ್ ಕೆಫೆಯವರು ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. ನವೆಂಬರ್ 5ರಂದು ತೀರ್ಪು ಬಂದಿತು: ಎರಡು ವರ್ಷಗಳ ಕಠಿಣ ಸಜೆ ಮತ್ತು ದಂಡ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ದೇಶದಲ್ಲಿ ಶಿಕ್ಷೆಯಾದ ಮೊದಮೊದಲ ಪ್ರಕರಣಗಳಲ್ಲಿ ಇದೂ ಒಂದು. ಎಡಗೈ ಬರೆಹದ ಜಾಣತನ ಯಂತ್ರದ ಮುಂದೆ ನಡೆಯಲಿಲ್ಲ.

ಕಾನೂನೂ ಎಡವುವುದುಂಟು. 2008ರ ತಿದ್ದುಪಡಿಯಿಂದ ಆ ಕಾಯಿದೆಗೆ ಸೇರಿದ 66ಎ ಕಲಮು, ಇತರರಿಗೆ ಕಿರಿಕಿರಿ, ಅನನುಕೂಲ ಎಂಬಂತಹ ಸಡಿಲ ಮಾತುಗಳಿಂದ ಅಪರಾಧವನ್ನು ಅಳೆಯಿತು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಬಂದ್ ಆಚರಣೆಯನ್ನು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ ಯುವತಿಯನ್ನೂ ಆ ಮಾತಿಗೆ ಮೆಚ್ಚುಗೆ ಒತ್ತಿದ ಗೆಳತಿಯನ್ನೂ ಬಂಧಿಸಲಾಯಿತು. 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಆ ಕಲಮನ್ನೇ ರದ್ದುಪಡಿಸಿತು. ಅದು ಸರಿಯಾದ ತೀರ್ಪು. ಬಲ್ಲಿದರಿಗೆ ಕಹಿಯಾದ ಟೀಕೆ ಬೇರೆ, ಒಬ್ಬ ಹುಡುಗಿ ಶಾಲೆಗೆ ಬರಲಾರದಂತೆ ಮಾಡುವ ಅಪಹಾಸ್ಯ ಬೇರೆ. ಎರಡನೆಯದಕ್ಕೆ ಕಾನೂನು ಈಗಲೂ ಅನುವು ಕೊಟ್ಟಿಲ್ಲ. ಪರರ ಗುಪ್ತಪದವನ್ನು ಕದ್ದು ವಂಚನೆಯಿಂದ ಬಳಸಿದರೆ 66ಸಿ ಕಲಮಿನಂತೆ ಮೂರು ವರ್ಷಗಳವರೆಗೆ ಸಜೆಯುಂಟು. ಬೇಡವೆಂದರೂ ಹೆಣ್ಣೊಬ್ಬಳನ್ನು ಅಂತರಜಾಲದಲ್ಲಿ ಬೆಂಬತ್ತುವುದೂ ಮಾನಹಾನಿಯೂ ನ್ಯಾಯ ಸಂಹಿತೆಯಲ್ಲಿ ಅಪರಾಧಗಳೇ.

ಭಾವಚಿತ್ರ ಕಳುಹಿಸಿದ ಆ ಹುಡುಗನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಅವನ ವಿಚಾರಣೆ 2015ರ ಬಾಲನ್ಯಾಯ ಕಾಯಿದೆಯಂತೆ ಬಾಲನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಕಾರ್ಯಕರ್ತರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಂಡಳಿಯು ಬುದ್ಧಿವಾದ ಹೇಳಿ ಮನೆಗೆ ಕಳುಹಿಸಬಹುದು. ಆಪ್ತ ಸಮಾಲೋಚನೆಗೆ, ಸಮುದಾಯ ಸೇವೆಗೆ ಹಚ್ಚಬಹುದು. ತಂದೆತಾಯಿಗಳು ದಂಡ ತೆರಬೇಕೆಂದೂ ಆಜ್ಞಾಪಿಸಬಹುದು. ಅವನ ಹೆಸರಾಗಲಿ ಶಾಲೆಯಾಗಲಿ ಪತ್ರಿಕೆಯಲ್ಲಿ ಬರಕೂಡದು. ಘೋರವಲ್ಲದ ಅಪರಾಧವಾದರೆ ಕೆಲಕಾಲದ ಮೇಲೆ ಆ ದಾಖಲೆಯನ್ನೂ ನಾಶಮಾಡಲಾಗುತ್ತದೆ. ಸಹಪಾಠಿಯ ಆ ಭಾವಚಿತ್ರವು ಯಾರ ಯಾರ ಫೋನಿನಲ್ಲಿ ಉಳಿದಿದೆಯೆಂಬುದನ್ನು ಮಾತ್ರ ಮಂಡಳಿಯೂ ಹೇಳಲಾರದು.