ಪುತ್ತೂರಲ್ಲಿ ಎಲ್ಲಿ?

ಮಂಗಳೂರಿನ ಸ್ಟೇಟ್‌ಬ್ಯಾಂಕಿನಲ್ಲಿ ಪುತ್ತೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರೆ, ಪಂಪ್‌ವೆಲ್ ದಾಟುವುದರೊಳಗೆ ಪಕ್ಕದ ಸೀಟಿನ ಹಿರಿಯರೊಬ್ಬರು "ಎಲ್ಲಿಗೆ?" ಎಂದು ಕೇಳಿಯೇ ಕೇಳುತ್ತಾರೆ. (ಸ್ಟೇಟ್‌ಬ್ಯಾಂಕ್ ಎಂದರೆ ನಮ್ಮಲ್ಲಿ ಬಸ್‌ಸ್ಟ್ಯಾಂಡು, ಪರವೂರಿನ ನೆಂಟರಿಗೆ ಇದನ್ನು ಮೊದಲೇ ಹೇಳಿಡಬೇಕು.) ಪುತ್ತೂರಿಗೆ ಎಂದೆ ಅನ್ನಿ. "ಪುತ್ತೂರಲ್ಲಿ ಎಲ್ಲಿ?" ಪಾಣಾಜೆಗೆ ಎಂದೆ. "ಪಾಣಾಜೆಯಲ್ಲಿ ಯಾರ ಮನೆ?" ಮೂರೇ ಪ್ರಶ್ನೆ, ಒಂದು ಇಡೀ ತಾಲೂಕು ಬಿ.ಸಿ. ರೋಡು ಬರುವುದರೊಳಗೆ ಸೋಸಿ ಸೋಸಿ ಒಂದು ಅಂಗಳವಾಗಿ ಉಳಿದಿರುತ್ತದೆ. ಮನೆಯವರ ಹೆಸರು ನಮಗೆ ಗೊತ್ತಿಲ್ಲವೆಂದರೂ ಅವರಿಗೆ ಚಿಂತೆಯಿಲ್ಲ, "ಶಾಲೆಯಿಂದ ಮೇಲೆಯಾ, ಕೆಳಗೆಯಾ? ತೋಟದಲ್ಲಿ ಕೆರೆ ಉಂಟಾ?" ಎಂದು ಬೇರೆ ದಾರಿಯಿಂದ ಬರುತ್ತಾರೆ. ಈ ಕರಾವಳಿಯ ಕುಶಲಪ್ರಶ್ನೆಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ, ಏಕೆಂದರೆ ಹೊಟ್ಟೆಪಾಡಿಗೆಂದು ನಾನು ಇಷ್ಟು ವರ್ಷ ಮಾಡಿದ ಕೆಲಸ ಇದೇ.

ನನ್ನ ಕೆಲಸ ರಿಪೋರ್ಟಿಗಿಂತ ಮೊದಲು ಬರುವ ಸ್ಕ್ರೀನನ್ನು ಕಟ್ಟುವುದು. ಅಂಗಡಿಯೋ ಕಾರ್ಖಾನೆಯೋ ಬ್ಯಾಂಕೋ, ಅವರ ಕಂಪ್ಯೂಟರಿನಲ್ಲಿ ಲಕ್ಷಾಂತರ ಸಾಲು ಲೆಕ್ಕ ಕೂತಿರುತ್ತದೆ. ಅಷ್ಟನ್ನೂ ಯಾರೂ ನೋಡುವುದಿಲ್ಲ. ಯಾವ ತಾರೀಕಿನಿಂದ ಯಾವ ತಾರೀಕು, ಯಾವ ಬ್ರಾಂಚು, ಯಾವ ಮಾಲು ಎಂದು ಕೇಳುವ ನಾಲ್ಕಾರು ಚೌಕಗಳು ಮೊದಲು ಬರಬೇಕು, ಅವನ್ನು ತುಂಬಿ ಗುಂಡಿ ಒತ್ತಿದ ಮೇಲೆ ರಿಪೋರ್ಟು. ರಿಪೋರ್ಟನ್ನು ಎಲ್ಲರೂ ಹೊಗಳುತ್ತಾರೆ, ತೆಗಳುತ್ತಾರೆ. ಆ ಚೌಕಗಳ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ, ಮನೆಯ ಹೊಸ್ತಿಲಿನ ಬಗ್ಗೆ ಯಾರೂ ಮಾತಾಡದ ಹಾಗೆ.

ಆ ಚೌಕಗಳಿಗೂ ಒಂದು ಚರಿತ್ರೆಯಿದೆ. 1972ರಲ್ಲಿ ಐಬಿಎಂ ಬಿಟ್ಟು ಹೊರಬಂದ ಐವರು ಜರ್ಮನಿಯಲ್ಲಿ ಸ್ಯಾಪ್ ಎಂಬ ಕಂಪನಿ ಕಟ್ಟಿದರು. ಅವರ ಎಬಿಎಪಿ ಎಂಬ ಕಂಪ್ಯೂಟರ್ ಭಾಷೆಯ ಮೂಲ ಜರ್ಮನ್ ಹೆಸರಿನ ಅರ್ಥವೇ ಸರ್ವಸಾಮಾನ್ಯ ವರದಿ ಸಿದ್ಧಮಾಡುವ ಸಾಧನ. ಅದರಲ್ಲಿ ಸೆಲೆಕ್ಟ್-ಆಪ್ಷನ್ಸ್ ಎಂದು ಒಂದು ಸಾಲು ಬರೆದರೆ ಸಾಕು, 'ಇಲ್ಲಿಂದ', 'ಇಲ್ಲಿವರೆಗೆ' ಎಂಬ ಎರಡು ಚೌಕ ತಾವಾಗಿಯೇ ಮೂಡುತ್ತವೆ. ಅವುಗಳ ಹಿಂದೆ ನಾಲ್ಕು ಕಾಲಮಿನ ಚಿಕ್ಕ ಪಟ್ಟಿಯೊಂದಿರುತ್ತದೆ: ಸೇರಿಸಬೇಕೋ ಬಿಡಬೇಕೋ, ಯಾವ ಬಗೆಯ ಹೋಲಿಕೆ, ಕೆಳಗಿನ ಅಂಚು, ಮೇಲಿನ ಅಂಚು. ಮನುಷ್ಯ ಒಂದು ರಾಶಿಯನ್ನು ಕುರಿತು ಕೇಳಬಹುದಾದ ಬಹುಪಾಲು ಪ್ರಶ್ನೆಗಳು ಈ ನಾಲ್ಕು ಕಾಲಮಿನಲ್ಲಿ ಹಿಡಿಸುತ್ತವೆ ಎಂದು ಕಂಡದ್ದು ದೊಡ್ಡ ಪ್ರತಿಭೆ ಎಂದೇ ನನ್ನ ಭಾವನೆ. ಅದಕ್ಕಿಂತಲೂ ನನಗೆ ಇಷ್ಟವಾದ ನಿಯಮ ಇನ್ನೊಂದು: ಚೌಕವನ್ನು ಖಾಲಿ ಬಿಟ್ಟರೆ 'ಏನೂ ಇಲ್ಲ' ಎಂದಲ್ಲ, 'ಎಲ್ಲವೂ' ಎಂದರ್ಥ.

ಇದೇನು ಹೊಸ ವಿದ್ಯೆಯಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯ ಹಿಂದಿನ ಗೇರುಬೀಜದ ಕಾರ್ಖಾನೆಗೆ ನೆರೆಮನೆಯ ಅಕ್ಕಂದಿರು ಬೆಳಿಗ್ಗೆಯೇ ಹೋಗುತ್ತಿದ್ದರು. ಮಧ್ಯಾಹ್ನ ಒಬ್ಬ ಅಕ್ಕನಿಗೆ ಬುತ್ತಿ ಕೊಡಲು ಹೋದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಲ್ಲಿ ಬೀಜವನ್ನು ಗಾತ್ರದ ಮೇಲೆ ವಿಂಗಡಿಸುತ್ತಿದ್ದರು: ಡಬ್ಲ್ಯೂ 240 ಎಂದರೆ ಒಂದು ಪೌಂಡಿಗೆ 220ರಿಂದ 240 ಇಡೀ ಬೀಜ, 320 ಎಂದರೆ 300ರಿಂದ 320, ರಾಜಗಾತ್ರದ 180 ಎಂದರೆ 170ರಿಂದ 180. ಅಲ್ಲಿಯೂ ಅದೇ ಕೆಳಗಿನ ಅಂಚು, ಮೇಲಿನ ಅಂಚು. ಅಕ್ಕ ತಕ್ಕಡಿ ನೋಡುತ್ತಿರಲಿಲ್ಲ, ಎಣಿಸುತ್ತಲೂ ಇರಲಿಲ್ಲ. ಬೆರಳೇ ಗಡಿ ಹಾಕುತ್ತಿತ್ತು. ಒಡೆದ ಬೀಜವನ್ನು ಆಕೆ ಬಿಸಾಡುತ್ತಿರಲಿಲ್ಲ ಎಂಬುದನ್ನು ಈಗ ನೆನಪಿಸಿಕೊಳ್ಳುತ್ತೇನೆ. ಎರಡು ಹೋಳಾದದ್ದಕ್ಕೆ ಬೇರೆ ಬುಟ್ಟಿ, ಚೂರಿಗೆ ಬೇರೆ ಬುಟ್ಟಿ. ಯಾವ ಬೀಜವೂ ನೆಲ ಸೇರುತ್ತಿರಲಿಲ್ಲ.

ಇನ್ನೊಂದು ನೆನಪು ಅಪ್ಪನದು. ಜಾಗದ ಕಾಗದಕ್ಕೆಂದು ಅಪ್ಪ ನನ್ನನ್ನೂ ಕರೆದುಕೊಂಡು ಗ್ರಾಮಲೆಕ್ಕಿಗರ ಹತ್ತಿರ ಹೋಗುತ್ತಿದ್ದರು. ಹುದ್ದೆಯ ಹೆಸರು ಬದಲಾಗಿ ಎಷ್ಟೋ ವರ್ಷವಾಗಿದ್ದರೂ ಊರವರ ಬಾಯಲ್ಲಿ ಅವರು ಶಾನುಭೋಗರೇ. ಅವರು ಕನ್ನಡಕದ ಮೇಲಿಂದ ನೋಡಿ "ಸರ್ವೆ ನಂಬರ್ ಎಷ್ಟು?" ಎನ್ನುವರು. ಅಪ್ಪನಿಗೆ ಮರೆತಿರುತ್ತಿತ್ತು. "ಹೋಗಲಿ, ಪಕ್ಕದವರು ಯಾರು? ತೋಡಿನ ಆಚೆಯಾ ಈಚೆಯಾ?" ಎಂದು ಕೇಳುತ್ತಲೇ ದಪ್ಪ ಪುಸ್ತಕದ ಸರಿಯಾದ ಹಾಳೆ ತೆರೆಯುತ್ತಿದ್ದರು. 2000ನೇ ಇಸವಿಯಲ್ಲಿ ಭೂಮಿ ಯೋಜನೆ ಬಂತು, ರಾಜ್ಯದ ಸುಮಾರು 2 ಕೋಟಿ ಪಹಣಿಗಳು, ಅಂದರೆ ಆರ್‌ಟಿಸಿಗಳು ಕಂಪ್ಯೂಟರಿಗೇರಿದವು, 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಂಡಿಯಲ್ಲಿ ಪ್ರತಿ ಕೈಗೆ ಬರುವಂತಾಯಿತು. ಇಂದು ಮನೆಯಲ್ಲೇ ಕೂತು ಜಿಲ್ಲೆ ಆರಿಸಿದರೆ ಆ ಜಿಲ್ಲೆಯ ತಾಲೂಕುಗಳಷ್ಟೇ ಬರುತ್ತವೆ, ತಾಲೂಕು ಆರಿಸಿದರೆ ಹೋಬಳಿ, ಹೋಬಳಿಯಿಂದ ಗ್ರಾಮ, ಸಾಕ್ಷಾತ್ 'ಪುತ್ತೂರಲ್ಲಿ ಎಲ್ಲಿ?' ನಮ್ಮ ರಾಜ್ಯದಲ್ಲಿ ಇಷ್ಟು ಜನ ಬಳಸಿದ ಸೋಸುವ ಸ್ಕ್ರೀನು ಇನ್ನೊಂದು ಇರಲಾರದು, ಮತ್ತು ಗ್ರಾಮದವರೆಗಿನ ಅದರ ಕ್ರಮ ನಿಜಕ್ಕೂ ಸುಂದರ. ಆಮೇಲೆ ಸರ್ವೆ ನಂಬರಿನ ಮುಂದೆ ಸರ್ನೋಕ್ ಎಂಬ ಚೌಕವೊಂದಿದೆ. ಅದರಲ್ಲಿ ಬಹಳ ಸಲ ಬರೀ ಒಂದು ನಕ್ಷತ್ರಚಿಹ್ನೆ ಇರುತ್ತದೆ. ಹೊಲ ಉಳುವ ಮನುಷ್ಯ ಆ ನಕ್ಷತ್ರವನ್ನು ಏನೆಂದು ಅರ್ಥಮಾಡಿಕೊಳ್ಳಬೇಕು? ಅಪ್ಪ ಇದ್ದಿದ್ದರೆ ಅಲ್ಲಿಯೇ ನಿಂತುಬಿಡುತ್ತಿದ್ದರು. ಅಲ್ಲಿ ತೋಡಿನ ಆಚೆಯಾ ಈಚೆಯಾ ಎಂದು ಕೇಳುವವರಿಲ್ಲ.

ಎದುರಿಗಿರುವವನಿಗೆ ಗೊತ್ತಿಲ್ಲದ್ದನ್ನು ಕೇಳಬಾರದೆಂಬ ಬುದ್ಧಿಯನ್ನು ನನಗೆ ಕಲಿಸಿದವರು ಬಂದರಿನ ಸಗಟು ವ್ಯಾಪಾರದ ಮಳಿಗೆಯೊಂದರ ಹಳೆಯ ಗುಮಾಸ್ತರು. ನಾನು ಉತ್ಸಾಹದಲ್ಲಿ ಹದಿನಾರು ಚೌಕಗಳ ಸ್ಕ್ರೀನೊಂದನ್ನು ಮಾಡಿ, ಅರ್ಧಕ್ಕರ್ಧ ಚೌಕಗಳನ್ನು ತುಂಬಲೇಬೇಕೆಂದು ಕಡ್ಡಾಯಮಾಡಿ ಅವರ ಮುಂದಿಟ್ಟಿದ್ದೆ. ಅವರು ಒಂದೊಂದಾಗಿ ಓದಿ, ಕೊನೆಗೆ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, "ಇದು ಕೇಳುವುದೆಲ್ಲ ನನಗೆ ಗೊತ್ತಿದ್ದರೆ ಮತ್ತೆ ರಿಪೋರ್ಟ್ ಎಂತಕ್ಕೆ ಮಾರಾಯ್ರೆ?" ಎಂದರು. ಅಂದು ಸಂಜೆಯೇ ಕಡ್ಡಾಯದ ಗುರುತನ್ನು ತಾರೀಕಿಗೆ ಮಾತ್ರ ಉಳಿಸಿ ಬೇರೆಲ್ಲ ಕಡೆ ತೆಗೆದೆ.

ಹೈಸ್ಕೂಲಿನಲ್ಲಿ ನಮಗೆ ಸಂಸ್ಕೃತ ಹೇಳಿಕೊಟ್ಟ ಪಂಡಿತರು ಮಳೆಗಾಲದ ಬಿಡುವಿನ ತಾಸಿನಲ್ಲಿ ತರ್ಕಶಾಸ್ತ್ರದ ಕಥೆ ಹೇಳುತ್ತಿದ್ದರು. ಲಕ್ಷಣಕ್ಕೆ, ಎಂದರೆ ವ್ಯಾಖ್ಯೆಗೆ, ಮೂರು ದೋಷವಂತೆ. ಕೊಂಬಿರುವುದೇ ಹಸು ಎಂದರೆ ಎಮ್ಮೆಯೂ ಒಳಗೆ ಬಂತು, ಅತಿವ್ಯಾಪ್ತಿ. ಕಪಿಲವರ್ಣದ್ದೇ ಹಸು ಎಂದರೆ ಕರಿಯ ಹಸು ಹಟ್ಟಿಯ ಹೊರಗೆ ಉಳಿಯಿತು, ಅವ್ಯಾಪ್ತಿ. ಒಂಟಿಗೊರಸಿನದು ಹಸು ಎಂದರೆ ಹಟ್ಟಿಯೇ ಖಾಲಿ, ಅಸಂಭವ. ನನ್ನ ವೃತ್ತಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕೈಪಿಡಿಯಲ್ಲೂ ಸಿಕ್ಕಿಲ್ಲ. ಅತಿವ್ಯಾಪ್ತಿಯಾದರೆ ಕಾಗದ ಜಾಸ್ತಿ ಖರ್ಚಾಗುತ್ತದೆ, ಕಣ್ಣಿಗೂ ಕಾಣುತ್ತದೆ. ಅಸಂಭವವಾದರೆ ಖಾಲಿ ಹಾಳೆ ಬಂದು ತಾನೇ ಕೂಗಿ ಹೇಳುತ್ತದೆ. ಅವ್ಯಾಪ್ತಿಯೊಂದೇ ಸದ್ದಿಲ್ಲದ ದೋಷ. ಎಯಿಂದ ಕೆವರೆಗಿನ ಗಿರಾಕಿಗಳ ಪಟ್ಟಿ ಕೇಳಿದರೆ ಕಾಮತ್, ಕಿಣಿ, ಕೋಟ್ಯಾನ್, ಕುಲಾಲ್ ಎಲ್ಲ ಮಾಯ, ಏಕೆಂದರೆ ಯಂತ್ರದ ಅಕ್ಷರಾನುಕ್ರಮದಲ್ಲಿ ಬರೀ 'ಕೆ'ಯ ನಂತರವೇ ಅವರೆಲ್ಲರ ಸ್ಥಾನ. ಮಾರ್ಚ್ 31ರವರೆಗೆ ಎಂದು ತುಂಬಿದರೆ, ತಾರೀಕಿನ ಜೊತೆ ಗಂಟೆಯೂ ದಾಖಲಾಗಿರುವ ಕಡೆ, ಯಂತ್ರ ಅದನ್ನು 31 ಹುಟ್ಟುವ ಮಧ್ಯರಾತ್ರಿಯ ಗಳಿಗೆ ಎಂದು ತಿಳಿದು, ವರ್ಷದಲ್ಲೇ ಅತಿ ಗಡಿಬಿಡಿಯ ಆ ಒಂದು ದಿನವನ್ನು ಪೂರ್ತಿ ಬಿಟ್ಟುಬಿಡುತ್ತದೆ. ಬಂದದ್ದನ್ನು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇನ್ನು ನಮ್ಮೂರಿನ ಹೆಸರಿನ ವಿಷಯ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ, ಇಂಗ್ಲಿಷ್ ಕಾಗದಪತ್ರದಲ್ಲಿ ಮೊದಲು ಮ್ಯಾಂಗಲೋರ್. 2014ರ ನವೆಂಬರ್ 1ರಂದು ರಾಜ್ಯದ ಇತರ ನಗರಗಳ ಜೊತೆಗೆ ನಮ್ಮ ಮ್ಯಾಂಗಲೋರೂ ಇಂಗ್ಲಿಷಿನಲ್ಲಿ ಮಂಗಳೂರು ಆಯಿತು. ನನಗೆ ಸಂತೋಷವೇ ಆಯಿತು. ಮರುವರ್ಷ ಒಂದು ಅಂಗಡಿಯವರು ದೀಪಾವಳಿಯ ಮಿಠಾಯಿ ಪೊಟ್ಟಣ ಕಳಿಸಲು ಊರಿನ ಗಿರಾಕಿಗಳ ಪಟ್ಟಿ ತೆಗೆದರು. ಊರಿನ ಚೌಕದಲ್ಲಿ ಅವರು ಹೊಸ ಹೆಸರು ಬರೆದರು. ಹೊಸದಾಗಿ ಸೇರಿದ ಗಿರಾಕಿಗಳೆಲ್ಲ ಬಂದರು. ಮ್ಯಾಂಗಲೋರ್ ಎಂದು ದಾಖಲಾಗಿದ್ದ, ಮೂವತ್ತು ನಲವತ್ತು ವರ್ಷದಿಂದ ಅದೇ ಗಲ್ಲೆಗೆ ಬರುತ್ತಿದ್ದವರು ಒಬ್ಬರೂ ಬರಲಿಲ್ಲ. ಹಬ್ಬ ಮುಗಿದ ಮೇಲೆ ವೃದ್ಧ ಗಿರಾಕಿಯೊಬ್ಬರು ಅಂಗಡಿಗೆ ಬಂದು ಏನೂ ಕೇಳದೆ, ಸ್ವಲ್ಪ ಹೊತ್ತು ನಿಂತು, ಬೇಕಾದ್ದು ಕೊಂಡು ಹೋದರಂತೆ. ಆ ಸ್ಕ್ರೀನು ನನ್ನದು. ಊರಿನ ಹೆಸರನ್ನು ಕೈಯಿಂದ ಬರೆಯಲು ಬಿಡಬಾರದಿತ್ತು, ಎಲ್ಲ ಹೆಸರೂ ಒಂದೇ ಊರೆಂದು ಗೊತ್ತಿರುವ ಪಟ್ಟಿಯಿಂದ ಆರಿಸಲು ಕೊಡಬೇಕಿತ್ತು. ಆ ವೃದ್ಧರು ನಿಂತಿದ್ದ ಹೊತ್ತನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆಮೇಲೆ ನಾನು ಕಟ್ಟಿದ ಪ್ರತಿ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಆಯ್ಕೆಯಾದವು ಇಷ್ಟು, ಹೊರಗುಳಿದವು ಇಷ್ಟು. ಹೊರಗುಳಿದ ಸಂಖ್ಯೆಯ ಮೇಲೆ ಒತ್ತಿದರೆ ಆ ಹೆಸರುಗಳೂ, ಯಾವ ಚೌಕದಿಂದಾಗಿ ಹೊರಗುಳಿದವೆಂಬ ಕಾರಣವೂ ತೆರೆದುಕೊಳ್ಳುತ್ತವೆ. ಗೇರುಬೀಜದ ಅಕ್ಕನ ಪಕ್ಕದ ಬುಟ್ಟಿಯ ಹಾಗೆ. ಮೊದಮೊದಲು ಕೆಲವರು ಇದು ಜಾಗ ತಿನ್ನುತ್ತದೆ ಎಂದು ಗೊಣಗಿದರು; ನಾನು ತೆಗೆಯಲಿಲ್ಲ.

ಮೊನ್ನೆ ಬಂದರಿನ ಆ ಮಳಿಗೆಗೆ ಹೋಗಿದ್ದೆ. ಗುಮಾಸ್ತರು ಈಗ ನಿವೃತ್ತರು, ಆದರೂ ಮಾರ್ಚ್ ತಿಂಗಳಲ್ಲಿ ಹುಡುಗರಿಗೆ ಸಹಾಯ ಮಾಡಲು ಬಂದು ಕೂರುತ್ತಾರೆ. ಬೆಳಿಗ್ಗೆ ಪೇಪರು ಬಂದೊಡನೆ ನಿಧನದ ಪುಟವನ್ನೇ ಮೊದಲು ತೆರೆಯುವ ನಮ್ಮ ಹಿರಿಯರ ಹಾಗೆ, ರಿಪೋರ್ಟು ಬಂದೊಡನೆ ಅವರು ನೇರ ಕೊನೆಯ ಪುಟಕ್ಕೆ ಹೋಗಿ, ಹೊರಗುಳಿದವರ ಸಾಲಿನ ಮೇಲೆ ಬೆರಳಿಟ್ಟು, ಪಕ್ಕದ ಹುಡುಗನ ಹತ್ತಿರ "ಇವರು ಯಾರೆಲ್ಲ, ನೋಡು" ಎಂದರು.