ಎರಡು ಪೆಟ್ಟಿಗೆ, ಒಂದು ಗಿಟಾರು

ಹಿಂದೂಸ್ತಾನಿ ಸಂಗೀತದ ಬೈಠಕನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಮಲ್ಲಿಕಾರ್ಜುನ ಮನಸೂರರಾಗಲಿ, ಗಂಗೂಬಾಯಿ ಹಾನಗಲ್ಲರಾಗಲಿ, ಭೀಮಸೇನ ಜೋಶಿಯವರಾಗಲಿ ಹಾಡಲು ಕುಳಿತರೆ ಬೆನ್ನ ಹಿಂದೆ ಎಡಕ್ಕೊಂದು ಬಲಕ್ಕೊಂದು ತಂಬೂರಿ ಇರುತ್ತಿತ್ತು. ಬಹುಮಟ್ಟಿಗೆ ಎರಡರಲ್ಲಿಯೂ ಅವೇ ಸ್ವರಗಳು. ಹಾಗಿದ್ದ ಮೇಲೆ ಒಂದು ಸಾಲದೆ? ಸಾಲದು ಎನ್ನುತ್ತಾರೆ ಬಲ್ಲವರು. ಇಬ್ಬರ ಬೆರಳು ಒಂದೇ ಗಳಿಗೆಗೆ ತಂತಿಯನ್ನು ಮುಟ್ಟುವುದಿಲ್ಲ; ಒಂದರ ಜವಾರಿ ಇನ್ನೊಂದರದರಂತಿರುವುದಿಲ್ಲ. ಆ ಕೂದಲೆಳೆಯಷ್ಟು ವ್ಯತ್ಯಾಸದಿಂದಲೇ ನಾದವು ಒಂದು ಕಡೆಯಿಂದ ಬರುವುದನ್ನು ಬಿಟ್ಟು ಸುತ್ತಲೂ ತುಂಬಿಕೊಳ್ಳುತ್ತದೆಯಂತೆ. ‘ಅಂತೆ’ ಎಂದೆ. ಚಿಕ್ಕಂದಿನಲ್ಲಿ ಕಿವಿ ಸೋರಿ ನನ್ನ ಎಡಗಿವಿ ಕೇಳದಂತಾಯಿತು. ಎರಡು ಕಿವಿಗಳ ನಡುವೆ ಮೂಡುವ ಈ ವಿಸ್ತಾರವನ್ನು ನಾನು ಪರರ ಮಾತಿನಿಂದ ಬಲ್ಲೆನೇ ಹೊರತು ಸ್ವಾನುಭವದಿಂದಲ್ಲ. ಮುಂದಿನ ಮಾತಿಗೆ ಇದು ಬೇಕಾದುದರಿಂದ ಮೊದಲೇ ಹೇಳಿದ್ದೇನೆ.

ನನ್ನ ಅಕ್ಕನ ಮಗ ಹೈದರಾಬಾದಿನಲ್ಲಿ ಉದ್ಯೋಗದಲ್ಲಿದ್ದಾನೆ. ಗಿಟಾರು ಬಾರಿಸುವ ಹುಚ್ಚು. ಕಳೆದ ನವೆಂಬರ್ 1ರ ಕಾರ್ಯಕ್ರಮಕ್ಕೆ ಶಾಲೆಯ ಮಕ್ಕಳು ಒಂದು ದಾಸರ ಪದವನ್ನು ಕಲಿತಿದ್ದರು. ಅದಕ್ಕೆ ತಾನು ಗಿಟಾರಿನ ಜೊತೆ ಕೊಡುವೆನೆಂದು ಉಟ್ಕೂರಿಗೆ ಬಂದನು. ಈ ದಿನದ ವಿಷಯದಲ್ಲಿ ನಮ್ಮ ಕಡೆಯವರ ಸ್ಥಿತಿ ಸ್ವಲ್ಪ ವಿಚಿತ್ರವಾದದ್ದು. 1956ರಲ್ಲಿ ಇದೇ ದಿನ ಹೈದರಾಬಾದು ರಾಜ್ಯವು ಮೂರು ಪಾಲಾದಾಗ ರಾಯಚೂರು ಆ ಕಡೆಗೆ ಹೋಯಿತು, ನಾವು ಈ ಕಡೆಗೆ ಉಳಿದೆವು. ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲವೂ ನಮ್ಮೊಡನೆಯೇ ಬಂದಿತು. ಗೋಪಾಲದಾಸರು ನೆಲೆಸಿದ್ದ ಉತ್ತನೂರು ಇರುವುದು ಆ ಸೀಮೆಯಲ್ಲಿಯೇ. ಆದ್ದರಿಂದ ದಾಸರ ಪದ ನಮಗೆ ಎರವಲಿನದಲ್ಲ. ಗಿಟಾರು ಮಾತ್ರ ಎರವಲಿನದು.

ಹುಡುಗನು ಬಾಡಿಗೆಯ ಗಾಡಿಯಿಂದ ಇಳಿಸಿದ ಸಾಮಾನುಗಳನ್ನು ಕಂಡು ಅಕ್ಕ ಕೈ ಬಾಯಿಗಿಟ್ಟುಕೊಂಡಳು. ಗಿಟಾರು ಒಂದು, ಆಂಪ್ಲಿಫಯರು ಮಾತ್ರ ಎರಡು. ಒಂದು ಹಳೆಯ ರೇಡಿಯೋಗಳಲ್ಲಿದ್ದಂತಹ ಗಾಜಿನ ವಾಲ್ವುಗಳದು, ಇನ್ನೊಂದು ಟ್ರಾನ್ಸಿಸ್ಟರಿನದು. ಅದರ ಮೇಲೆ ಕಾಲಿನಿಂದ ಒತ್ತುವ ಪೆಡಲುಗಳು ಮೂರು. ಗಿಟಾರಿನ ಸ್ವರವು ಮೊದಲು ಅದನ್ನು ಒರಟುಗೊಳಿಸುವ ಪೆಡಲಿಗೆ ಹೋಗುತ್ತದೆ. ಎರಡನೆಯದು ಕೋರಸ್. ಇದು ಸ್ವರದ ಪ್ರತಿಯೊಂದನ್ನು ಮಾಡಿ, ಅದರ ಶ್ರುತಿಯನ್ನು ಅತ್ಯಲ್ಪವಾಗಿ ಏರಿಳಿಸುತ್ತದೆ. ಮೂರನೆಯದು ಪ್ರತಿಧ್ವನಿಯದು. ಕೋರಸ್ ಪೆಡಲಿಗೆ ಹೊರದಾರಿಗಳು ಎರಡು. ಅಲ್ಲಿಂದ ಮುಂದೆ ಸ್ವರವು ಕವಲೊಡೆದ ಕಾಲುವೆಯಂತೆ ಎರಡಾಗಿ ಹರಿದು, ಒಂದು ಎಡದ ಪೆಟ್ಟಿಗೆಯನ್ನೂ ಇನ್ನೊಂದು ಬಲದ ಪೆಟ್ಟಿಗೆಯನ್ನೂ ಸೇರುತ್ತದೆ. ಕವಲಿನ ಮುಂದಿರುವ ಪೆಡಲಿಗೂ ಎರಡು ಒಳದಾರಿ, ಎರಡು ಹೊರದಾರಿ ಇರಲೇಬೇಕು. ಇಲ್ಲವಾದರೆ ಎರಡಾದದ್ದು ಮತ್ತೆ ಒಂದೇ ಆಗುತ್ತದೆ.

ಈ ಉಪಾಯ ಹೊಸದೇನೂ ಅಲ್ಲ. ಎರಡು ಧ್ವನಿವರ್ಧಕಗಳಿಂದ ನಾದಕ್ಕೆ ಸ್ಥಳದ ಭಾವನೆಯನ್ನು ಕೊಡುವ ವಿಧಾನಕ್ಕೆ ಅಲನ್ ಬ್ಲಮ್ಲೀನ್ ಎಂಬ ಆಂಗ್ಲ ಇಂಜಿನಿಯರನು 1931ರಲ್ಲಿಯೇ ಪೇಟೆಂಟಿಗಾಗಿ ಅರ್ಜಿ ಹಾಕಿದ್ದನು. ಗಿಟಾರಿನ ಲೋಕದಲ್ಲಿ ಇದಕ್ಕೆ ಹೆಸರು ತಂದದ್ದು ಜಪಾನಿನ ರೋಲ್ಯಾಂಡ್ ಕಂಪನಿಯವರು 1975ರಲ್ಲಿ ಹೊರತಂದ ಜಾಝ್ ಕೋರಸ್ ಆಂಪ್ಲಿಫಯರು. ಅದರಲ್ಲಿ ಒಂದೇ ಪೆಟ್ಟಿಗೆಯೊಳಗೆ ಅರವತ್ತು ಅರವತ್ತು ವ್ಯಾಟಿನ ಎರಡು ಆಂಪ್ಲಿಫಯರುಗಳು, ಎರಡು ಸ್ಪೀಕರುಗಳು. ಒಂದು ನೆಟ್ಟನೆಯ ಸ್ವರವನ್ನು, ಇನ್ನೊಂದು ತೂಗಾಡುವ ಸ್ವರವನ್ನು ಹೊರಡಿಸುತ್ತದೆ. ಎರಡೂ ಬೆರೆಯುವುದು ತಂತಿಯಲ್ಲಲ್ಲ, ಗಾಳಿಯಲ್ಲಿ. ನಮ್ಮ ಎರಡು ತಂಬೂರಿಗಳ ನ್ಯಾಯವೇ ಅಲ್ಲಿಯೂ!

ಎರಡೂ ಪೆಟ್ಟಿಗೆಗಳನ್ನು ಶಾಲೆಯ ಜಗಲಿಯ ಮೇಲಿಟ್ಟು ತಂತಿ ಜೋಡಿಸಿದ್ದೇ ತಡ, ಜೇನುಹುಟ್ಟಿಗೆ ಕೈಯಿಟ್ಟಂತೆ ಗುಂಯ್ ಎಂಬ ಶಬ್ದ ಎದ್ದಿತು. ಒಂದೊಂದೇ ಇದ್ದಾಗ ಎರಡೂ ಸುಮ್ಮನಿರುತ್ತವೆ, ಕೂಡಿದೊಡನೆ ಗೊಣಗುತ್ತವೆ. ಕಾರಣವಿಷ್ಟೆ. ಪ್ರತಿಯೊಂದು ಪೆಟ್ಟಿಗೆಯೂ ತನ್ನ ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ಭೂಮಿಯನ್ನು ಸೇರಿರುತ್ತದೆ. ಪೆಡಲಿನಿಂದ ಬರುವ ಎರಡು ತಂತಿಗಳ ಹೊರಕವಚವು ಅವೆರಡನ್ನೂ ಮತ್ತೊಂದು ದಾರಿಯಲ್ಲಿ ಕೂಡಿಸುತ್ತದೆ. ಹೀಗೆ ಒಂದು ಮುಚ್ಚಿದ ಬಳೆ ಏರ್ಪಟ್ಟು, ಸುತ್ತಲಿನ 50 ಆವರ್ತನದ ವಿದ್ಯುತ್ತು ಅದರಲ್ಲಿ ಸಣ್ಣ ಪ್ರವಾಹವನ್ನು ಎಬ್ಬಿಸುತ್ತದೆ. ಲೈಟು ಕಟ್ಟಲು ಬಂದಿದ್ದವನು ಕೂಡಲೇ ಮದ್ದು ಹೇಳಿದನು: “ಮಾಸ್ತರ್ರ, ಒಂದರದ್ದು ಮೂರನೇ ಪಿನ್ನು ಕಿತ್ತಿಬಿಡ್ರಿ. ಸುಮ್ಮಾಗ್ತದ.”

ಸುಮ್ಮನಾಗುವುದೇನೋ ನಿಜ. ಆದರೆ ಗಿಟಾರಿನ ಲೋಹದ ತಂತಿಗಳು ಆಂಪ್ಲಿಫಯರಿನ ಮೂಲಕವೇ ಭೂಮಿಯನ್ನು ಸೇರಿರುತ್ತವೆ. ಆ ದಾರಿಯನ್ನು ಕಿತ್ತ ದಿನ ಪೆಟ್ಟಿಗೆಯೊಳಗೆ ಎಲ್ಲಿಯಾದರೂ 230 ವೋಲ್ಟು ಸೋರಿದರೆ ಅದು ತಂತಿಗೆ ಬರುತ್ತದೆ, ಬಾರಿಸುವವನ ಬೆರಳಿಗೆ ಬರುತ್ತದೆ. ಅವನು ಇನ್ನೊಂದು ಕೈಯಿಂದಲೋ ತುಟಿಯಿಂದಲೋ ಮೈಕನ್ನು ಮುಟ್ಟಿದರೆ ಅವನ ದೇಹವೇ ತಂತಿಯಾಗುತ್ತದೆ. 1972ರ ಮೇ 3ರಂದು ವೇಲ್ಸಿನ ಸ್ವಾನ್ಸೀ ಪಟ್ಟಣದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರುವಾದಕನು ವೇದಿಕೆಯ ಮೇಲೆ, ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ಪ್ರಾಣಬಿಟ್ಟನು. ನಮ್ಮ ಮೈಕಿನ ಮುಂದೆ ನಿಲ್ಲಬೇಕಾದವರು ಏಳೆಂಟು ವರ್ಷದ ಮಕ್ಕಳು. ಪಿನ್ನು ಕೀಳಲು ನಾನು ಬಿಡಲಿಲ್ಲ. ಬಿಡದೆ ಇದ್ದುದಷ್ಟೇ ಅಲ್ಲ, ಗೋಡೆಯ ಮೂರನೆಯ ರಂಧ್ರವು ನಿಜವಾಗಿ ಭೂಮಿಯನ್ನು ಮುಟ್ಟಿದೆಯೇ ಎಂದು ಪರೀಕ್ಷಿಸಲು ಹೇಳಿದೆನು. ಮುಟ್ಟಿರಲಿಲ್ಲ! ಆ ದಿನ ಮಧ್ಯಾಹ್ನವೆಲ್ಲಾ ಗುಂಡಿ ತೋಡಿ, ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿ, ಕೊಡಗಟ್ಟಲೆ ನೀರು ಹೊಯ್ಯುವುದರಲ್ಲಿಯೇ ಕಳೆಯಿತು. ಸಂಗೀತಕ್ಕೆಂದು ಉಪ್ಪು ತಂದವರು ನಾವೇ ಮೊದಲಿಗರಿರಬೇಕು.

ಗುಂಯ್‌ಕಾರಕ್ಕೆ ಬೇರೆ ಮದ್ದು ಇದೆ. ಎರಡೂ ಪೆಟ್ಟಿಗೆಗಳಿಗೆ ಒಂದೇ ಬೋರ್ಡಿನಿಂದ ವಿದ್ಯುತ್ತು ಕೊಡುವುದು; ಎರಡು ಸ್ವರತಂತಿಗಳಲ್ಲಿ ಒಂದರ ನಡುವೆ ಚಿಕ್ಕದೊಂದು ಟ್ರಾನ್ಸ್‌ಫಾರ್ಮರನ್ನು ಸೇರಿಸುವುದು. ಸ್ವರವು ಅಯಸ್ಕಾಂತದ ಬಲದಿಂದ ಆಚೆ ದಾಟುತ್ತದೆ. ತಾಮ್ರಕ್ಕೆ ತಾಮ್ರ ಮುಟ್ಟಿರದಾದುದರಿಂದ ಬಳೆ ಒಡೆಯುತ್ತದೆ. ಹುಡುಗನ ಚೀಲದಲ್ಲಿ ಅದು ಇತ್ತು. ಸಂಜೆಯ ಹೊತ್ತಿಗೆ ಅಂಗಳ ನಿಶ್ಶಬ್ದವಾಯಿತು.

ಅನಂತರ ಅವನು ಬಾರಿಸಿದನು. “ಎಷ್ಟು ಅಗಲ ಕೇಳಸ್ತದ ನೋಡ್ರಿ ಮಾವಾ!” ಎಂದು ಕಣ್ಣರಳಿಸಿದನು. ನನಗೆ ಅಗಲವೂ ಕೇಳಲಿಲ್ಲ, ಆಳವೂ ಕೇಳಲಿಲ್ಲ. ಪೆಟ್ಟಿಗೆಗಳ ನಡುವೆ ನಿಂತರೆ ಕೆಳಗಿನ ದಪ್ಪ ತಂತಿಗಳ ಸ್ವರವೇ ಇಲ್ಲ. ನೀರು ಬೆರೆಸಿದ ಮಜ್ಜಿಗೆಯಂತಿತ್ತು. ಒಂದನ್ನು ಆರಿಸೆಂದೆನು. ಆರಿಸಿದೊಡನೆ ಸ್ವರ ದಪ್ಪನಾಯಿತು. ಎರಡು ಇದ್ದಾಗ ಕಡಿಮೆ, ಒಂದು ಇದ್ದಾಗ ಹೆಚ್ಚು! ಹುಡುಗನು ಕ್ಷಣಕಾಲ ಯೋಚಿಸಿ ಹಣೆ ಬಡಿದುಕೊಂಡನು. ಎರಡು ಆಂಪ್ಲಿಫಯರುಗಳ ಒಳರಚನೆ ಬೇರೆ ಬೇರೆ. ಒಂದರ ಸ್ಪೀಕರು ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದರದು ಹಿಂದಕ್ಕೆ ಸೆಳೆಯುತ್ತಿತ್ತು. ಅಲೆಯ ಉಬ್ಬಿನ ಮೇಲೆ ಇನ್ನೊಂದು ಅಲೆಯ ತಗ್ಗು ಬಿದ್ದು, ಉದ್ದ ಅಲೆಗಳಾದ ಮಂದ್ರಸ್ವರಗಳು ಮೊದಲು ಅಳಿದುಹೋಗುತ್ತಿದ್ದವು. ಎರಡು ಕಿವಿಯುಳ್ಳವರಿಗೆ ಇದೇ ದೋಷವು ಒಂದು ಬಗೆಯ ವಿಸ್ತಾರವಾಗಿ ತೋರುವುದುಂಟು. ಅವನು ಅದನ್ನೇ ಮೆಚ್ಚಿದ್ದನು. ಎರಡನ್ನೂ ಆರಿಸಿ, ಟ್ರಾನ್ಸಿಸ್ಟರು ಪೆಟ್ಟಿಗೆಯ ಸ್ಪೀಕರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದನು. (ವಾಲ್ವಿನ ಪೆಟ್ಟಿಗೆಯನ್ನು ಅವನು ಮುಟ್ಟಲಿಲ್ಲ, ಸ್ಪೀಕರಿಲ್ಲದೆ ಅದನ್ನು ಹಚ್ಚಿದರೆ ಒಳಗಿನ ಟ್ರಾನ್ಸ್‌ಫಾರ್ಮರು ಸುಡಬಹುದು.) ಮತ್ತೆ ಹಚ್ಚಿದಾಗ ಜಗಲಿಯ ಕಲ್ಲು ಕಾಲಿನಡಿ ನಡುಗಿತು.

ಇಷ್ಟಾದ ಮೇಲೆ ಅವನು ನನ್ನ ಕಿವಿಯನ್ನು ನಂಬತೊಡಗಿದನು. ಅವನ ಯೋಜನೆಯ ಪ್ರಕಾರ ರಾಗವು ಎಡದ ಪೆಟ್ಟಿಗೆಯಿಂದಲೂ, ಅದರ ಪ್ರತಿಧ್ವನಿ ಬಲದ ಪೆಟ್ಟಿಗೆಯಿಂದಲೂ ಬರಬೇಕಾಗಿತ್ತು. ಕೋಣೆಯ ನಡುವೆ ಕುಳಿತವನಿಗೆ ಇದು ಸೊಗಸು. ಆದರೆ ನಮ್ಮ ಅಂಗಳದಲ್ಲಿ ಹೆಂಗಸರು ಒಂದು ಮಗ್ಗುಲಿಗೆ, ಗಂಡಸರು ಇನ್ನೊಂದು ಮಗ್ಗುಲಿಗೆ ಕೂಡುವರು. ನಡುವೆ ಕೂಡುವವರು ಎಷ್ಟು ಜನ? ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡು. ಒಂದು ಪೆಟ್ಟಿಗೆಗೆ ಆರು ಮೀಟರು ಸಮೀಪವಿರುವವನಿಗೆ ಅದರ ಸ್ವರ 18 ಮಿಲಿಸೆಕೆಂಡು ಮೊದಲೇ ಮುಟ್ಟುತ್ತದೆ. ಇಷ್ಟು ಅಂತರವಿದ್ದರೆ ಕಿವಿಯು ಮೊದಲು ಬಂದವನನ್ನೇ ಮನೆಯವನೆಂದು ತಿಳಿದು, ಹಿಂದೆ ಬಂದವನನ್ನು ಅವನ ನೆರಳೆಂದೆಣಿಸುವುದು. ಇದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತನ್ನ ಪ್ರಬಂಧದಲ್ಲಿ ಅಳೆದು ತೋರಿಸಿದನು. ಹೀಗಾಗಿ ಅಂಗಳದ ಅರ್ಧ ಜನರಿಗೆ ಒಂದೇ ಪೆಟ್ಟಿಗೆ. ಅವರೂ ಆ ಸಂಜೆಯ ಮಟ್ಟಿಗೆ ನನ್ನಂಥವರೇ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಾಳೆ. ಪಾಠ ಹೇಳುವಾಗ ಕತ್ತನ್ನು ಯಾವಾಗಲೂ ಒಂದೇ ಕಡೆಗೆ ಹೊರಳಿಸುತ್ತಾಳೆ. ಗಮನವಿಲ್ಲದವಳೆಂದು ಹೆಸರಾಗಿತ್ತು. ನನಗೆ ಆ ಹೊರಳಿಕೆಯ ಅರ್ಥ ತಿಳಿಯಲು ಒಂದು ದಿನವೂ ಬೇಕಾಗಲಿಲ್ಲ. ಕೇಳುವ ಕಿವಿ ನನ್ನ ಕಡೆಗೆ ಬರುವಂತೆ ಅವಳನ್ನು ಗೋಡೆಯ ಬದಿಗೆ ಕೂಡಿಸಿದೆನು, ತಾಯಿತಂದೆಗಳಿಗೆ ಹೇಳಿ ವೈದ್ಯರಲ್ಲಿಗೆ ಕಳುಹಿಸಿದೆನು. ಅಂಗಳದಲ್ಲಿ ಅವಳು ಎಲ್ಲಿ ಕೂಡುವಳೋ ಯಾರಿಗೆ ಗೊತ್ತು? ನಾನು ಇದನ್ನು ಹೇಳಿದಾಗ ಹುಡುಗನು ಏನನ್ನೂ ಆಡಲಿಲ್ಲ. ಎಡಗಿವಿಗೆ ಅರಳೆ ತುರುಕಿಕೊಂಡು, ಮಕ್ಕಳಲ್ಲೊಬ್ಬನಿಗೆ ಒಂದೇ ತಂತಿಯನ್ನು ಮೀಟುತ್ತಿರಲು ಹೇಳಿ, ಅಂಗಳದ ಮೂಲೆಮೂಲೆಗೂ ನಡೆದನು. ಬಳಿಕ ಅರಳೆಯನ್ನು ಬಲಗಿವಿಗೆ ಬದಲಿಸಿ ಇನ್ನೊಮ್ಮೆ ನಡೆದನು. ಬಂದವನೇ ಪೆಡಲುಗಳ ತಿರುಪುಗಳನ್ನೆಲ್ಲಾ ಹೊಸದಾಗಿ ಇಟ್ಟನು: ನೆಟ್ಟನೆಯ ರಾಗ ಎರಡೂ ಪೆಟ್ಟಿಗೆಗಳಿಂದ ಸಮವಾಗಿ, ಕೋರಸಿನ ತೂಗಾಟ, ಪ್ರತಿಧ್ವನಿಯ ಬಾಲ ಮಾತ್ರ ಆಚೆಗೊಂದು ಈಚೆಗೊಂದು, ಅವೂ ಮೆಲ್ಲಗೆ. “ಅಗಲ ಒಂಚೂರು ಕಮ್ಮಿ ಆಯ್ತು ಮಾವಾ. ಆದ್ರ ಪದ ಎಲ್ಲಾರಿಗೂ ಮುಟ್ತದ” ಎಂದನು.

ಕಾರ್ಯಕ್ರಮದ ರಾತ್ರಿ ಆ ಹುಡುಗಿ ಬಲದ ಪೆಟ್ಟಿಗೆಯ ಹತ್ತಿರ, ಅಜ್ಜಿಯ ತೊಡೆಗೆ ಒರಗಿ ಕುಳಿತಿದ್ದಳು. ಪದ ಆರಂಭವಾದಾಗ ನಾನು ಅವಳನ್ನೇ ನೋಡುತ್ತಿದ್ದೆನು. ಕತ್ತು ಹೊರಳಲಿಲ್ಲ. ಪದ ಮುಗಿಯುವ ಮೊದಲೇ ನಿದ್ರೆಹೋದಳು. ನಾವು ಪೆಟ್ಟಿಗೆಗಳನ್ನು ಇಳಿಸಿ, ಇಬ್ಬನಿ ತಾಗದಂತೆ ಗೋಣಿಚೀಲ ಹೊದಿಸಿ ಒಳಗಿಡುವ ಹೊತ್ತಿಗೆ ಹನ್ನೊಂದು ಹೊಡೆದಿತ್ತು. ಭೂಸಂಪರ್ಕದ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕುವ ಕೆಲಸವನ್ನು ನಾಲ್ಕನೆಯ ತರಗತಿಯವರು ವಹಿಸಿಕೊಂಡಿದ್ದಾರೆ.